ಹನ್ನೊಂದು ಸಿನಿಮಾ ಬೇಡ, ಎರಡು ಸಾಕು

ಪ್ರಿಯರೇ, ನಮಸ್ಕಾರ.

ಸೂಪರ್‌ಹೀರೋ ಸಿನಿಮಾಗಳು ಕಾಮಿಕ್ಸ್‌ನಿಂದ ದೃಶ್ಯತಂತ್ರಗಳನ್ನು ಹೇಗೆ ಎರವಲು ಪಡೆಯುತ್ತವೆ ಎಂಬ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ವಿಷಯ ಗಟ್ಟಿಯಾಗಿದೆ, ನಿಮಗೆ ಅದರ ಮೇಲೆ ಪ್ರೀತಿಯೂ ಇದೆ. ಆದ್ದರಿಂದ ಬರೀ ವಿಷಾದಪತ್ರ ಕಳಿಸಲು ಮನಸ್ಸಾಗಲಿಲ್ಲ.

ಹನ್ನೊಂದು ಸಿನಿಮಾಗಳ ಹೆಸರಿದೆ. ಒಂದು ದೃಶ್ಯವೂ ಕಣ್ಣಿಗೆ ಕಟ್ಟುವುದಿಲ್ಲ. ‘ಕಾಮಿಕ್ಸ್ ಪುಟಕ್ಕೇ ಜೀವ ಬಂದಂತಿದೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಪುಟದ ಯಾವ ಗುಣ ಪರದೆಗೆ ಬಂತು, ಬಂದು ಏನು ಮಾಡಿತು ಎಂಬುದನ್ನು ಒಂದು ಕಡೆಯೂ ಹೇಳಿಲ್ಲ. ಅಂದ ಹಾಗೆ, ‘ಸಿನ್ ಸಿಟಿ’ಯಲ್ಲಿ ಸೂಪರ್‌ಹೀರೋ ಇಲ್ಲ, ಅವು ಅಪರಾಧ ಕಥೆಗಳು. ಅದನ್ನು ಕೈಬಿಡಿ.

ಆಂಗ್ ಲೀ ಅವರ ‘ಹಲ್ಕ್’ (2003) ಬಗ್ಗೆ ಒಂದೇ ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. ಆ ಸಿನಿಮಾ ಪರದೆಯನ್ನೇ ಚೌಕಟ್ಟುಗಳಾಗಿ ಒಡೆಯಿತು. ಆದರೆ ಕಾಗದದ ಮೇಲಿನ ಚೌಕಟ್ಟು ಓದುಗನಿಗಾಗಿ ಕಾಯುತ್ತದೆ: ಬೇಕಾದಷ್ಟು ಹೊತ್ತು ನಿಲ್ಲಬಹುದು, ಹಿಂದಕ್ಕೂ ಹೋಗಬಹುದು. ಪರದೆಯಲ್ಲಿ ಎಲ್ಲವೂ ಒಟ್ಟಿಗೆ ಓಡುವಾಗ ಕಣ್ಣು ತಡಕಾಡುತ್ತದೆ. ನನ್ನ ಪಾಲಿಗೆ ಅದು ಧೈರ್ಯದ ಪ್ರಯೋಗ, ಆದರೆ ಸೋತ ಪ್ರಯೋಗ. ನೀವು ಒಪ್ಪದಿದ್ದರೆ ವಾದ ಹೂಡಿ.

ಅದರ ಪಕ್ಕದಲ್ಲಿ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ (2018) ಎಂಬ ಅನಿಮೇಷನ್ ಸಿನಿಮಾವನ್ನು ಇಡಿ. ಹಳೆಯ ಅಗ್ಗದ ಮುದ್ರಣದಲ್ಲಿ ಬಣ್ಣದ ಪದರ ಕೊಂಚ ಜರುಗಿ ಗೆರೆಯಾಚೆ ಇಣುಕುತ್ತಿತ್ತಲ್ಲ, ಹಿನ್ನೆಲೆಯನ್ನು ಮಸುಕುಗೊಳಿಸುವ ಬದಲು ಈ ಸಿನಿಮಾ ಆ ಜರುಗಿದ ಬಣ್ಣವನ್ನೇ ಬಳಸಿತು. ಅಚ್ಚಿನ ದೋಷವೇ ಆಳವನ್ನು ತೋರಿಸುವ ಉಪಾಯವಾಯಿತು! ಜೇಡ ಕಚ್ಚಿದ ಮೇಲೆ ಕಥಾನಾಯಕ ಮೈಲ್ಸ್‌ನ ಯೋಚನೆಗಳು ಅಕ್ಷರದ ಪೆಟ್ಟಿಗೆಗಳಾಗಿ ಪರದೆಯ ಮೇಲೆ ಮೂಡತೊಡಗುತ್ತವೆ. ಹುಡುಗ ಕಾಮಿಕ್ಸ್ ಲೋಕಕ್ಕೆ ಕಾಲಿಟ್ಟದ್ದು ನಮಗೆ ತಿಳಿಯುವುದು ಹಾಗೆ.

ಕಾಡಿನ ದೃಶ್ಯವನ್ನು ಮತ್ತೆ ನಿಧಾನವಾಗಿ ನೋಡಿ. ಪಳಗಿದ ಸ್ಪೈಡರ್-ಮ್ಯಾನ್ ಪೀಟರ್‌ನ ಭಂಗಿ ಸೆಕೆಂಡಿಗೆ 24 ಬಾರಿ ಬದಲಾಗುತ್ತದೆ. ಮೈಲ್ಸ್‌ನದು 12 ಬಾರಿ, ಒಂದೊಂದು ಭಂಗಿಯೂ ಎರಡು ಫ್ರೇಮ್ ನಿಲ್ಲುತ್ತದೆ. ಆ ಎಡವಟ್ಟು ಚಲನೆಯಲ್ಲೇ ಅವನಿನ್ನೂ ಕಲಿಯುತ್ತಿದ್ದಾನೆಂಬುದು ಗೊತ್ತಾಗುತ್ತದೆ. ನೀವು ಇದನ್ನು ‘ವಿಶಿಷ್ಟ ಶೈಲಿ’ ಎಂದು ಎರಡು ಪದಗಳಲ್ಲಿ ಮುಗಿಸಿದ್ದೀರಿ. ನನಗೆ ಇದರ ಬಗ್ಗೆಯೇ ಎರಡು ಪ್ಯಾರಾ ಬೇಕು.

ಆಸ್ಕರ್, ಗಲ್ಲಾಪೆಟ್ಟಿಗೆಯ ಪ್ಯಾರಾಗಳನ್ನು ತೆಗೆಯಿರಿ. ಎಂಟುನೂರು ಪದ ಮೀರದಂತೆ ತಿದ್ದಿ ಕಳಿಸಿ; ನಾನೇ ಓದುತ್ತೇನೆ.

ಸಂಪಾದಕ