ಮೊಣಕಾಲಿನ ಪೆಟ್ಟು, ತಿರಸ್ಕಾರವಾದ ಪಿಂಚಣಿ

ಪ್ರಶ್ನೆ: ಸೇನೆಯಲ್ಲಿದ್ದಾಗ ಪಹರೆಗೆ ಹೋಗುತ್ತಾ ಜಾರಿ ಬಿದ್ದು ಬಲ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. 2023ರ ಮಾರ್ಚ್‌ನಲ್ಲಿ ನಿವೃತ್ತನಾದೆ. ಮೆಡಿಕಲ್ ಬೋರ್ಡ್ ಶೇ 20 ಅಂಗವೈಕಲ್ಯ, ಜೀವನಪೂರ್ತಿ ಎಂದು ಬರೆದು, ಸೇವೆಯಿಂದ ಬಂದದ್ದೂ ಅಲ್ಲ, ಹೆಚ್ಚಾದದ್ದೂ ಅಲ್ಲ ಅಂದಿದೆ. ಅಂಗವೈಕಲ್ಯ ಪಿಂಚಣಿಗೆ ತಡವಾಗಿ ಹಾಕಿದ ಕ್ಲೇಮ್ ಕಳೆದ ತಿಂಗಳು ತಿರಸ್ಕಾರವಾಯಿತು. ಹೊಸ ಎಂಆರ್‌ಐ ಮಾಡಿಸಿ ಅಪೀಲ್ ಹಾಕು ಅಂತಾರೆ. ಏನು ಮಾಡಲಿ?
– ನಿವೃತ್ತ ಹವಾಲ್ದಾರ್, ಬೆಳಗಾವಿ ಜಿಲ್ಲೆ

ಉತ್ತರ: ಅಪೀಲ್ ಹಾಕಿ ಸಾಹೇಬ್ರೇ, ಬಿಡಬೇಡಿ. ಆದರೆ ಎಂಆರ್‌ಐಗೆ ಈಗಲೇ ದುಡ್ಡು ಸುರಿಯಬೇಡಿ. ಕಾಲು ಕೆಟ್ಟಿದೆ ಅಂತ ಬೋರ್ಡೇ ಒಪ್ಪಿದೆ, ಪಿಂಚಣಿಗೆ ಬೇಕಾದ ಕನಿಷ್ಠ ಶೇ 20 ಕೂಡ ಕೊಟ್ಟಿದೆ. ತಕರಾರು ಇರುವುದು ಅದು ಸೇವೆಗೆ ಸಂಬಂಧಿಸಿದ್ದಲ್ಲ ಅನ್ನೋ ಒಂದೇ ಸಾಲಿನಲ್ಲಿ, ಅಲ್ವಾ?

ಹಾಗಾಗಿ ಬಿದ್ದ ದಿನದ ಕಾಗದ ಹುಡುಕಿ. ಇಂಜುರಿ ರಿಪೋರ್ಟ್, ಫಾರ್ಮ್ ಐಎಎಫ್‌ವೈ-2006. ಪೆಟ್ಟಾದಾಗ ಸೈನಿಕ ಡ್ಯೂಟಿಯಲ್ಲಿದ್ದನೋ ಇಲ್ಲವೋ ಅಂತ ಕಮಾಂಡಿಂಗ್ ಆಫೀಸರ್ ಬರೆದು ಸಹಿ ಹಾಕುವುದು ಅದರಲ್ಲೇ. ಅಲ್ಲಿ ‘ಆನ್ ಡ್ಯೂಟಿ’ ಅಂತ ಇದ್ದರೆ ನಿಮ್ಮ ಕೈಗೆ ಬಲ ಬಂದ ಹಾಗೆ. ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೆ ರೆಕಾರ್ಡ್ಸ್ ಆಫೀಸಿಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ಜೊತೆಗೆ ಮೆಡಿಕಲ್ ಬೋರ್ಡಿನ ಪೂರ್ತಿ ಕಡತ (ಎಎಫ್‌ಎಂಎಸ್‌ಎಫ್-16), ಆಪರೇಷನ್ ಆದಾಗಿನ ಆಸ್ಪತ್ರೆ ದಾಖಲೆ ಎಲ್ಲವನ್ನೂ ಕೇಳಿ.

ಬೋರ್ಡ್ ಕಾರಣವನ್ನೇ ಕೊಡದೆ ಸುಮ್ನೆ ‘ಅಲ್ಲ’ ಅಂತ ಬರೆದಿದ್ದರೆ ಅದನ್ನೂ ಅಪೀಲಿನಲ್ಲಿ ಎತ್ತಿ. ಸೇರುವಾಗ ದಾಖಲಾಗದ ತೊಂದರೆ ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲ ಅನ್ನುವವರೇ ಕಾರಣ ತೋರಿಸಬೇಕು ಅಂತ 2013ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಗವೈಕಲ್ಯ ಪಿಂಚಣಿಗೆ ಹೊಸ ನಿಯಮ ಬಂದದ್ದು 2023ರ ಸೆಪ್ಟೆಂಬರ್ 21ರಿಂದ. ನೀವು ಅದಕ್ಕೂ ಮೊದಲೇ ಹೊರಬಂದವರು, ಹಳೆಯ ನಿಯಮವೇ ಅನ್ವಯಿಸಬೇಕು ಅಂತ ಸ್ಪಷ್ಟವಾಗಿ ಬರೆಯಿರಿ.

ದುಡ್ಡಿನ ಲೆಕ್ಕ ಸಣ್ಣದಲ್ಲ. ಶೇ 20ನ್ನು 50 ಅಂತ ಪರಿಗಣಿಸುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಇದೆ ಅಂತ 2014ರ ರಾಮ್ ಅವತಾರ್ ತೀರ್ಪು ಹೇಳುತ್ತದೆ. ಅದನ್ನೂ ಈಗಲೇ ಕೇಳಿ.

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಅಪೀಲ್ ಹೋಗಬೇಕು, ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಎರಡನೇ ಅಪೀಲ್, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕಕ್ಕೆ ಕೊಚ್ಚಿ ಪೀಠ. ಅರ್ಜಿ ಬರೆಯೋಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಹಾಯ ಕೇಳಿ, ಹೋಗುವಾಗ ಡಿಸ್ಚಾರ್ಜ್ ಬುಕ್ ಮತ್ತು ತಿರಸ್ಕಾರದ ಪತ್ರ ಎರಡೂ ಜೊತೆಗಿರಲಿ.