ಬಾವುಟದ ಶಾಟ್ ಕಲಸಿಹೋಗುತ್ತೆ, ಏನ್ಮಾಡ್ಲಿ?

ಪ್ರಶ್ನೆ: ಮೇಡಂ, ನಾವಿರೋದು ಡಬ್ಲಿನ್‌ನಲ್ಲಿ, ಮಾರ್ಚ್ 17ರ ಐರಿಶ್ ಹಬ್ಬ ಸೇಂಟ್ ಪ್ಯಾಟ್ರಿಕ್ಸ್ ಡೇಗೆ ಮನೇಲಿ ಪಾರ್ಟಿ ಇದೆ, ಹಸಿರು-ಬಿಳಿ-ಕೇಸರಿ ಐರಿಶ್ ಬಾವುಟದ ಶಾಟ್ (ಪುಟ್ಟ ಗ್ಲಾಸಲ್ಲಿ ಪದರ ಪದರವಾಗಿ ಸುರಿಯೋ ಡ್ರಿಂಕ್) ಮಾಡಕ್ಕೋದ್ರೆ ಎಲ್ಲಾ ಕಲಸಿಹೋಗುತ್ತೆ. ಯಾಕೆ?

ಉತ್ತರ: ಸುರಿಯೋ ಕ್ರಮ ತಪ್ಪಿರ್ಬೇಕು. ಸಕ್ಕರೆ ಜಾಸ್ತಿ ಇರೋದು ಭಾರ, ಅದು ತಳದಲ್ಲಿರ್ಬೇಕು, ಹಾಗಾಗಿ ಮೊದ್ಲು ಹಸಿರು ಕ್ರೆಮ್ ದ ಮಾಂತ್ (ಪುದೀನಾ ಲಿಕ್ಕರ್, ಅಂದ್ರೆ ಸಿಹಿ ಮದ್ಯ), ಆಮೇಲೆ ಬೇಲೀಸ್ (ಹಾಲಿನ ಕೆನೆ ಹಾಕಿದ ಐರಿಶ್ ಲಿಕ್ಕರ್), ಕೊನೇಗೆ ಗ್ರ್ಯಾನ್ ಮಾರ್ನಿಯೇ (ಕಿತ್ತಳೆ ಲಿಕ್ಕರ್), ಮೂರೂ ಸಮ ಸಮ, ತಲಾ 10 ಎಂಎಲ್ ಸಾಕು, ಚಮಚ ಬೋರಲು ಹಿಡಿದು ಅದರ ಬೆನ್ನ ಮೇಲೆ ದಾರದಷ್ಟು ಸಣ್ಣಗೆ ಬಿಡಿ, ಅವಸರ ಮಾತ್ರ ಬೇಡ. ಬೇಲೀಸ್‌ಗೆ ನಿಂಬೆರಸ ತಾಗಿದ್ರೆ ಹಾಲಿನ ಥರಾನೇ ಒಡೆಯುತ್ತೆ. ಇನ್ನೊಂದು, 'ಐರಿಶ್ ಕಾರ್ ಬಾಂಬ್' ಅನ್ನೋ ಡ್ರಿಂಕ್ ಹೆಸರು ಅಲ್ಲಿ ದಯವಿಟ್ಟು ಎತ್ತಬೇಡಿ, ಬಾಂಬ್‌ಗಳಿಗೆ ತಮ್ಮೋರನ್ನ ಕಳ್ಕೊಂಡೋರು ಆ ದೇಶದಲ್ಲಿದ್ದಾರೆ, ತುಂಬಾ ನೋವಾಗುತ್ತೆ.