ಮರೆವಿನ ಕಾಯಿಲೆ ಇರುವ ತಾಯಿ ‘ಬೇಡ’ ಎಂದರೆ

ತಾಯಿಗೆ ಆಲ್ಝೈಮರ್‌ನ ಆರಂಭದ ಹಂತ, ಮೊಣಕಾಲಿನ ಶಸ್ತ್ರಚಿಕಿತ್ಸೆ ಬೇಡವೆನ್ನುತ್ತಾರೆ, ಅಣ್ಣ ‘ಅವಳ ಮಾತಿಗೇನು ಬೆಲೆ, ನಾವೇ ಸಹಿ ಹಾಕೋಣ’ ಎನ್ನುತ್ತಾರೆ ಎಂದು ಬರೆದಿದ್ದೀರಿ. ಅಣ್ಣನವರು ಅವಸರಪಡುತ್ತಿದ್ದಾರೆ ಅನಿಸುತ್ತದೆ.

ರೋಗದ ಹೆಸರು ಚೀಟಿಯಲ್ಲಿ ಬಂದ ಮಾತ್ರಕ್ಕೆ ನಿರ್ಧರಿಸುವ ಸಾಮರ್ಥ್ಯ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 4ನೇ ಸೆಕ್ಷನ್ ಇರುವುದು ಮಾನಸಿಕ ಚಿಕಿತ್ಸೆಯ ಕುರಿತು. ಆದರೂ ಅದರ ಅಳತೆಗೋಲು ಇಲ್ಲಿಯೂ ದಾರಿ ತೋರಿಸುತ್ತದೆ: ವಿಷಯ ಅರ್ಥವಾಗುತ್ತದೆಯೇ, ಒಪ್ಪಿದರೆ ಅಥವಾ ಬಿಟ್ಟರೆ ಏನಾದೀತೆಂದು ತಿಳಿಯುತ್ತದೆಯೇ, ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲರೇ. ಆ ನಿರ್ಧಾರ ಬೇರೆಯವರಿಗೆ ತಪ್ಪೆನಿಸಿತು ಎಂಬ ಒಂದೇ ಕಾರಣಕ್ಕೆ ಸಾಮರ್ಥ್ಯವಿಲ್ಲ ಎನ್ನಬಾರದೆಂದೂ ಅದೇ ಸೆಕ್ಷನ್ ಹೇಳುತ್ತದೆ. ಬ್ಯಾಂಕಿನ ಲೆಕ್ಕ ತಪ್ಪುವವರಿಗೂ ಮೊಣಕಾಲಿನ ವಿಷಯ ಚೆನ್ನಾಗಿಯೇ ತಿಳಿದಿರಬಹುದು.

ಸಂಜೆಯ ಹೊತ್ತಿಗೆ ಗೊಂದಲ ಹೆಚ್ಚುವವರು ಬಹಳ. ಬೆಳಿಗ್ಗೆ, ಕನ್ನಡಕ, ಶ್ರವಣಸಾಧನ ಹಾಕಿಸಿ, ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ‘ಯಾಕಮ್ಮ ಬೇಡ?’ ಎಂದು ಕೇಳಿ ಸುಮ್ಮನಿರಿ. ನಾವು ಮಕ್ಕಳು ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಇನ್ನೊಂದು ದಿನ ಮತ್ತೆ ಕೇಳಿದಾಗಲೂ ಅದೇ ಕಾರಣ ಬಂದರೆ ಅದನ್ನು ಗೌರವಿಸಬೇಕು. ಹಠಾತ್ತನೆ ಗೊಂದಲ ಹೆಚ್ಚಿದ್ದರೆ ಮೂತ್ರದ ಸೋಂಕು, ಹೊಸ ಮಾತ್ರೆ ಕಾರಣವೇ ಎಂದು ಮೊದಲು ವೈದ್ಯರಿಂದ ನೋಡಿಸಿ. ಸಂಶಯ ಉಳಿದರೆ ಮನೋವೈದ್ಯರಿಂದ ಸಾಮರ್ಥ್ಯದ ಮೌಲ್ಯಮಾಪನವನ್ನು ಬರಹದಲ್ಲಿ ಪಡೆಯಿರಿ.

ಜನರಲ್ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹರಿಸಲು ತಾಯಿ ಬರೆದುಕೊಟ್ಟ ಅಧಿಕಾರಪತ್ರ) ಇದೆಯೆಂದು ಅಣ್ಣ ನಂಬಿದ್ದರೆ, ನಮ್ಮ ಕಾನೂನಿನಲ್ಲಿ ಅದನ್ನು ಬರೆದುಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲದಾಗ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೊನೆಗಾಲದ ಚಿಕಿತ್ಸೆಯ ಬಗ್ಗೆ ತಾಯಿಯ ಇಚ್ಛೆಯನ್ನು ಮುಂಗಡ ವೈದ್ಯಕೀಯ ನಿರ್ದೇಶನವಾಗಿ ಬರೆಸುವುದಾದರೆ, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಈಗಲೇ ಮಾಡಿಸಿ.